ಹತ್ತು ವೋಲ್ಟು, ನಲವತ್ತು ಸಲ

ಬೆಳಗಾವಿ ಉದ್ಯಮಬಾಗದಲ್ಲಿ, ಪಂಪಿನ ಫೌಂಡ್ರಿಗೆ ಗೋಡೆ ಹಂಚಿಕೊಂಡು
ನಮ್ಮದೊಂದು ಲ್ಯಾಬು.
ಒಳಗೆ ಇಪ್ಪತ್ಮೂರು ಡಿಗ್ರಿ, ಬಾಗಿಲು ಮುಚ್ಚಿಯೇ ಇರಬೇಕು.
ಮಂದಿಯ ಮೀಟರು ಸುಳ್ಳು ಹೇಳುತ್ತದೋ ಖರೇ ಹೇಳುತ್ತದೋ
ನೋಡಿ ಚೀಟಿ ಕೊಡುವುದು ನಮ್ಮ ದಂಧೆ.

ಹದಿನಾಲ್ಕು ವರ್ಷ ದಸ್ತಗೀರ ಕಾಕಾ ಓದಿದರು, ನಾನು ಬರೆದೆ.
ಮುಳ್ಳಿನ ಕೆಳಗೊಂದು ಕನ್ನಡಿಪಟ್ಟಿ.
ಮುಳ್ಳು ತನ್ನ ಬಿಂಬದ ಮೇಲೆ ಸರಿಯಾಗಿ ಕೂತು
ಎರಡು ಹೋಗಿ ಒಂದಾಗುವ ತನಕ
ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು,
ಆಮೇಲೆ: "ಬರಕೋ ಕಸ್ತೂರಿ."

ಈಗಿನ ಮೀಟರಿಗೆ ಮುಳ್ಳಿಲ್ಲ. ಬೆನ್ನಿನಿಂದ ನನ್ನ ಕಂಪ್ಯೂಟರಿಗೊಂದು ಕೇಬಲ್ಲು.
ಮೊದಲ ಆಜ್ಞೆ ಹೋದೊಡನೆ ಮುಂದಿನ ಗುಂಡಿಗಳೆಲ್ಲ ಕಿವುಡು,
ಮೂಲೆಯಲ್ಲಿ ಸಣ್ಣಕ್ಷರ: ರಿಮೋಟ್.
ಒಂದು ಚಿಕ್ಕಿ, ಮೂರಕ್ಷರ, ತುದಿಗೆ ಪ್ರಶ್ನೆಚಿಹ್ನೆ ಕಳಿಸಿದರೆ
ಯಾರ ಪೈಕಿ, ಯಾವ ನಂಬರು, ಎಲ್ಲ ಹೇಳುತ್ತದೆ.
ಪ್ರಶ್ನೆಚಿಹ್ನೆ ಇಲ್ಲವೋ, ಹೇಳಿದ್ದು ಮಾಡಿ ಸುಮ್ಮನೆ,
ಮದುವೆಯಾದ ಹೊಸದರಲ್ಲಿ ನಾನಿದ್ದ ಹಾಗೆ.
ತಪ್ಪಾದರೂ ಕೂಗುವುದಿಲ್ಲ.
ತಪ್ಪುಗಳನ್ನು ಒಳಗೇ ಸಾಲು ನಿಲ್ಲಿಸಿಕೊಂಡು
ಕೇಳಿದಾಗ ಒಂದೊಂದನ್ನೇ ಹೊರಗೆ ಬಿಡುತ್ತದೆ.

ಕಾಕಾನ ಕಣ್ಣಿಗೆ ಮೋತಿಬಿಂದು. ಆದರೂ ಮಂಗಳವಾರ ಚಹಾದ ಹೊತ್ತಿಗೆ
ಬಂದು, ಸ್ಟೂಲು ಎಳೆದು, "ಓದು" ಅನ್ನುತ್ತಾರೆ.
ಓದುವವಳು ಈಗ ನಾನು.

ಹತ್ತು ಬಿಂದು ಸೊನ್ನೆ ಸೊನ್ನೆ ಸೊನ್ನೆ ಸೊನ್ನೆ ಮೂರು.
ಹತ್ತು ಬಿಂದು ಸೊನ್ನೆ ಸೊನ್ನೆ ಸೊನ್ನೆ ಸೊನ್ನೆ ಮೂರು.
ಹತ್ತು ಬಿಂದು…
"ಎಷ್ಟ ಗಟ್ಟಿ ನೋಡ್ರಿ ಕಾಕಾ, ಕೂದಲೆಳಿಯಷ್ಟೂ ಅಳ್ಳಾಡಿಲ್ಲ!"

ಹನ್ನೊಂದನೆಯದಕ್ಕೆ ಅವರ ತಲೆ ವಾಲಿತು.
ಇಪ್ಪತ್ತಕ್ಕೆ ಚಹಾ ಕೆಳಗಿಟ್ಟರು.
"ಬಾಜೂದಾಗ ಕುಲುಮಿ ಹಚ್ಯಾರ. ನೆಲ ಗುಂಯ್ ಅನ್ನೂದು
ನನ್ನ ಅಂಗಾಲಿಗೆ ತಿಳೀತೈತಿ,
ಕೊನೀ ಅಂಕಿಗಿ ತಿಳೀವಲ್ದು ಅಂದ್ರ?
ಖರೇ ಅಳತಿ ಹಿಂಗ ಕಲ್ಲಾಗಿ ಕೂಡೂದಿಲ್ಲ ತಂಗಿ.
ಅದು ಏನ ಹೇಳ್ತು ಅನ್ನೂದು ಸಾಕು.
ನೀ ಏನಂತ ಕೇಳೀ, ಅದನ್ನ ಓದು."

ಓದಿದೆ.
ಸುರುವಿಗೆ ಅಳೆ ಅಂದಿದ್ದೆ, ಒಂದೇ ಸಲ, ಸುತ್ತಿನ ಹೊರಗೆ.
ಸುತ್ತಿನೊಳಗೆ ನಲವತ್ತು ಸಲ ಬರೀ ಫೆಚ್, ಪ್ರಶ್ನೆಚಿಹ್ನೆ.
ಅಳೆದಿಟ್ಟದ್ದನ್ನು ತಾ ಅಂತಷ್ಟೇ ಅದರ ಅರ್ಥ.
ತಂದಿತು ಪಾಪ, ಅದೇ ಒಂದು ಅಂಕಿಯನ್ನು, ಬೇಸರವಿಲ್ಲದೆ.
ಸುಳ್ಳೇನೂ ಹೇಳಲಿಲ್ಲ.

ಫೆಚ್ ಅಳಿಸಿ ರೀಡ್ ಎಂದು ಬರೆದೆ: ಹೊಸದಾಗಿ ಅಳೆ, ಆಮೇಲೆ ಹೇಳು.
ಮೂರು. ಐದು. ಎರಡು. ಏಳು. ಎರಡು.
ಕೊನೆಯ ಅಂಕಿ ತೊಟ್ಟಿಲ ಕೂಸಿನ ಕಾಲಿನಂತೆ ಆಡತೊಡಗಿತು.
"ಹಾಂ," ಅಂದರು, ಚಹಾ ಎತ್ತಿಕೊಂಡರು. ಆರಿಹೋಗಿತ್ತು.
ಹೋದ ವಾರ ಕೊಟ್ಟ ಎರಡು ಚೀಟಿ ನೆನಪಾಗಿ ನನ್ನ ಹೊಟ್ಟೆಯಲ್ಲಿ ಸಂಕಟ.
ಘಟಪ್ರಭಾಕ್ಕೆ ಫೋನು ಹಚ್ಚಿದೆ:
ಮೀಟರು ವಾಪಸ್ ಕಳಸ್ರಿ, ತಪ್ಪು ನಮ್ಮದು.

ಸಂಜೆ ಬೀಗ ಹಾಕುವಾಗ ಕೇಳಿದೆ, "ಕಣ್ಣ ಹೆಂಗದಾವ್ರಿ ಕಾಕಾ?"
"ಆರಾಮ."
ಹೋದ ತಿಂಗಳದ್ದೇ ಉತ್ತರ, ಅದರ ಹಿಂದಿನ ತಿಂಗಳದ್ದೂ ಅದೇ.
ಕೆಳಗಿನ ಮೆಟ್ಟಿಲನ್ನು ಅವರ ಚಪ್ಪಲಿ ಎರಡು ಸಲ ಹುಡುಕಿತು.

ಕೀಲಿ ಕೈಯಲ್ಲೇ ಉಳಿಯಿತು.
"ಕಾಕಾ, ನಿಂದರ್ರಿ.
ಎದುರಿನ ಅಂಗಡಿ ಬೋರ್ಡಿನ ಮ್ಯಾಲ ಏನ ಬರದಾರ, ಓದ್ರಿ."