ಸಕ್ಕರೆಯಿಲ್ಲದ ಚಮಚ

ಡಾಕ್ಟರು ಸಕ್ಕರೆ ಬಿಡಿಸಿ ನಾಲ್ಕು ವರ್ಷ.
ಚಮಚ ಬಿಡಿಸಲಿಲ್ಲ.
ಬೆಳಗಿನ ಆರಕ್ಕೆ, ಗಿರೆಸುನ್ನಿನ ಕಡಲಹಕ್ಕಿಗಳೂ
ಇನ್ನೂ ಗಂಟಲು ಸರಿಮಾಡಿಕೊಳ್ಳದ ಹೊತ್ತಿಗೆ
ನಮ್ಮ ನಿಯಾಜಿ
ನಡು ಸಣ್ಣಗಿನ ಗಾಜಿನ ಲೋಟದಲ್ಲಿ
ಬರೀ ಚಹಾ ಕಲಕುತ್ತಾನೆ.
ಟಿಣ್ ಟಿಣ್ ಟಿಣ್,
ಎಡಕ್ಕೆ ಹನ್ನೊಂದು, ಬಲಕ್ಕೆ ನಾಲ್ಕು,
ಕೊನೆಗೆ ಅಂಚಿಗೆ ಎರಡೇಟು,
ಸಾಲ ವಸೂಲಿಗೆ ಬಂದವನು ಕದ ತಟ್ಟಿದ ಹಾಗೆ.

ಏನು ಕರಗಿಸುತ್ತೀಯ ಮಾರಾಯ, ಅದರಲ್ಲಿ?

ತಪ್ಪು ನನ್ನ ಕಿವಿಯದೂ ಇದೆ, ಒಪ್ಪಿದೆ.
ಇಪ್ಪತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು
ಊರವರ ಮಾತಿಗೆ ಮಾತು ಜೋಡಿಸಿದವಳು.
ಉಸಿರು ಕೇಳಿಯೇ ಹೇಳುತ್ತಿದ್ದೆ:
ಇದು ಸಾವಿನ ಕರೆ,
ಇದು ಹೇಜಲ್‌ನಟ್ ದಲ್ಲಾಳಿಯ ಸುಳ್ಳು,
ಇದು ಹುಡುಗಿ, ಅಪ್ಪ ಪಕ್ಕದಲ್ಲೇ ನಿಂತಿದ್ದಾನೆ.
ಸಾಕೆನಿಸಿದರೆ ಅಲ್ಲಿ ತಂತಿ ಕೀಳಬಹುದಿತ್ತು.
ಇವನ ಮೂಗಿನಲ್ಲಿ ಅಂಥದೊಂದು ತಂತಿ
ಎಲ್ಲಿದೆಯೆಂದು ಎಷ್ಟೋ ರಾತ್ರಿ ಹುಡುಕಿದ್ದೇನೆ.

ಗೊರಕೆ ಏರುತ್ತದೆ, ಏರುತ್ತದೆ,
ತುದಿಯಲ್ಲಿ ಗಕ್ಕನೆ ನಿಲ್ಲುತ್ತದೆ.
ಎಣಿಸುತ್ತೇನೆ. ಐದು. ಆರು.
ಏಳಾದರೆ ಮೊಣಕೈಯಲ್ಲಿ ತಿವಿಯುತ್ತೇನೆ.
ಆಗ ಸದ್ದು ತಾಳಲಾರದೆ ಅಲ್ಲ.

ಫುಟ್‌ಬಾಲ್ ಇದ್ದ ರಾತ್ರಿ ಸೂರ್ಯಕಾಂತಿ ಬೀಜ.
ಕಟ್, ಥೂ. ಕಟ್, ಥೂ.
ಗೋಲಾದ ಒಂದು ನಿಮಿಷ ಆ ಬಾಯಿಗೆ ಬಿಡುವು.
ಊರಿನ ತಂಡ ಗೆಲ್ಲಲೆಂದು ನಾನೂ ಬೇಡಿಕೊಳ್ಳುತ್ತೇನೆ;
ದೇವರಿಗೆ ಕಾರಣ ಹೇಳಿಲ್ಲ.

ಕೆಳಗಿನ ಮನೆಯ ಪೆರಿಹಾನ್, ಗಂಡ ಹೋಗಿ ಆರು ವರ್ಷ.
ಆ ಸದ್ದೆಲ್ಲ ಮತ್ತೆ ಬೇಕೆನಿಸುತ್ತದಾ ಅಂತ ಕೇಳಿದೆ,
ನನಗೆ ಒಂದಿಷ್ಟು ಬುದ್ಧಿ ಬರಲೆಂದು.
ಆಕೆ ಹುರುಳಿಕಾಯಿಯ ನಾರು ತೆಗೆಯುತ್ತಲೇ ಅಂದಳು:
ಇಲ್ಲಮ್ಮ. ಚೆನ್ನಾಗಿ ನಿದ್ದೆ ಬರುತ್ತದೆ.

ಫೆಬ್ರವರಿಯಲ್ಲಿ, ಹಬೆ ಕೂತ ಕಿಟಕಿಯ ಮುಂದೆ,
ಅಂದೇಬಿಟ್ಟೆ.
ನಿನ್ನ ಜೊತೆ ಬಾಳುವುದೆಂದರೆ
ಪಾತ್ರೆ ಅಂಗಡಿಯಲ್ಲಿ ಹಾಸಿಗೆ ಹಾಸಿದ ಹಾಗೆ.
ಅವನು ಜಗಳಕ್ಕೆ ಬರಲಿಲ್ಲ.
ಕೋಟಿನ ಜೇಬಿನಿಂದ ಔಷಧಿ ಅಂಗಡಿಯ ಚೀಟಿ ತೆಗೆದು
ಬೆನ್ನು ಮಗುಚಿ ಮೇಜಿನ ಮೇಲಿಟ್ಟ.
ಪೆನ್ಸಿಲ್ ಗೀಟುಗಳು, ಐದೈದರ ಕಟ್ಟು.
ಏನಿದು?
ನಿನ್ನ 'ಚ್'. ಒಂದು ಮಂಗಳವಾರದ್ದು. ಐವತ್ಮೂರು.

ನಮ್ಮ ಕಡೆ 'ಇಲ್ಲ' ಅನ್ನಲು ಬಾಯಿ ಬೇಡ,
ಹುಬ್ಬು ಎತ್ತಿ ನಾಲಗೆ ಚಿಟಕಿಸಿದರೆ ಆಯಿತು.
ಟೊಮೇಟೊ ತರಲಾ? ಚ್.
ಕಿಟಕಿ ತೆಗೆಯಲಾ? ಚ್.
ತಂಗಿಯ ಮನೆಗೆ ಹೋಗಿ ಬರೋಣವಾ?
ಮೂವತ್ತೊಂದು ವರ್ಷ ಇದೇ.
ನಾನು ಗೀಟುಗಳನ್ನು ಮತ್ತೆ ಎಣಿಸಿದೆ.
ಐವತ್ತೆರಡು.

ಮರುದಿನದಿಂದ ಅವನು
ಚಮಚ ಗಾಜಿಗೆ ತಾಕದಂತೆ ಕಲಕಿದ,
ಸೂಜಿಗೆ ದಾರ ಪೋಣಿಸುವವನಂತೆ
ನಾಲಗೆಯ ತುದಿ ಹೊರಗಿಟ್ಟುಕೊಂಡು.
ನಾನು ಬರೀ ಹುಬ್ಬು ಎತ್ತಿದೆ.
ಒಂದೇ ಮನೆಗೆ ಕನ್ನ ಹಾಕಿದ ಇಬ್ಬರು ಕಳ್ಳರು.
ಕಂಬಳಿಯೊಳಗೆ ಕಿವಿ ನಿಮಿರಿಸಿ ಕಾದೆ:
ಹನ್ನೊಂದು ಆಯಿತೋ, ಬಲಕ್ಕೆ ತಿರುಗಿದನೋ,
ಕೇಳದ ಸದ್ದಿಗೆ
ಕೇಳಿದ್ದಕ್ಕಿಂತ ಬೇಗ ಎಚ್ಚರವಾಗುತ್ತಿತ್ತು.

ನಾಲ್ಕನೆಯ ಬೆಳಿಗ್ಗೆ
ಬಾಗಿಲ ಸಂದಿಯಿಂದ ತಲೆ ಹಾಕಿ ಪಿಸುಗುಟ್ಟಿದ:
ಕೇಳಿಸಿತಾ?
ಚ್, ಅಂದೆ.
ಅಭ್ಯಾಸಬಲ, ಬಾಯಿ ನನ್ನ ಮಾತು ಕೇಳಲಿಲ್ಲ.
ಅವನು ನಕ್ಕ, ನಗುವಿಗೆ ಕೆಮ್ಮು ಬಂತು,
ಕೆಮ್ಮಿಗೆ ಕೈ ನಡುಗಿ
ತಟ್ಟೆ, ಲೋಟ, ಚಮಚ ಎಲ್ಲ ಒಟ್ಟಿಗೆ ಮಾತಾಡಿದವು.

ಅಷ್ಟೇ. ಯಾರೂ ಯಾರಿಗೂ ಸುಧಾರಿಸಿದ್ದಿಲ್ಲ.

ಇವತ್ತು ಎಡಕ್ಕೆ ಹನ್ನೆರಡು.
ಒಂದು ಹೆಚ್ಚು.
ಬೇಕೆಂದೇ ಮಾಡಿದ್ದಾನೆ.