ಮುಳ್ಳು

ಹಾರ್ಲೆಮ್ಮಿನ ಕಾಲುವೆ ದಂಡೆಗುಂಟ
ದಿನಾ ಹನ್ನೊಂದು ಕಿಲೋಮೀಟರು ಸೈಕಲ್ ತುಳಿಯುತ್ತಾಳೆ ಹಿಲ್ಲೆಗೊಂಡಾ,
ಎದುರುಗಾಳಿ ಇದ್ದರೂ.
ರೈ ರೊಟ್ಟಿ ಒಂದೇ ಹೋಳು, ಬೆಣ್ಣೆ ಬಿಟ್ಟು ಏಳು ವರ್ಷ.
ಆದರೂ ತೂಕದ ಮುಳ್ಳು
ಚುಚ್ಚಿದಲ್ಲೇ ಚುಚ್ಚುತ್ತದೆ.

"ಕದ್ದು ತಿನ್ನುತ್ತೀಯಾ?" ಅಂದ ಡಾಕ್ಟರ,
ನಗುತ್ತಲೇ.

ಅವಳು ಉತ್ತರ ಕೊಡಲಿಲ್ಲ.
ಹಿತ್ತಿಲಲ್ಲಿ ಕೂತು ಟುಲಿಪ್ ಗೆಡ್ಡೆ ನೆಡುವಾಗ
ಒಂದನ್ನು ಮೂಗಿಗೆ ಹಿಡಿದಳು.
ಯುದ್ಧದ ಕೊನೆಯ ಚಳಿಗಾಲ ಇದನ್ನೇ ಬೇಯಿಸಿ ತಿಂದಳಂತೆ ಅವ್ವ,
ಬಸುರಿ; ಒಳಗೆ ಇವಳು.

ಕಣ್ಣು ಮೂಡುವ ಮೊದಲೇ ಮೈ ಕಲಿತದ್ದು:
ಸಿಕ್ಕಿದ್ದನ್ನು ಬಿಡಬೇಡ, ನಾಳೆ ಇರಲಿಕ್ಕಿಲ್ಲ.

ಯುದ್ಧ ಮುಗಿಯಿತೆಂದು
ಅದಕ್ಕೆ ಹೇಳುವವರಾರು?

ಮಣ್ಣು ಮುಚ್ಚಿ, ಸೊಂಟ ಹಿಡಿದುಕೊಂಡು ಎದ್ದಳು.
ಸೈಕಲ್ಲಿನ ಹಿಂದಿನ ಚಕ್ರಕ್ಕೆ ಗಾಳಿ ಕಮ್ಮಿ.