ಮೌಂಟಿನ ಅಡಿಯ ನೇರಳೆ

ಫ್ರೇನಿಬಾಯಿ ಮೂರನೇ ಮಹಡಿಯಿಂದ
ಹಳೇ ದುಪ್ಪಟಿಯಲ್ಲಿ ಸುತ್ತಿಕೊಂಡು ಇಳಿದರು:
'ಅಜ್ಜನ ಅಜ್ಜ ಹಡಗು ಹತ್ತಿ ತಂದದ್ದು, ಜಪಾನಿಂದ.
ಗಾಜು ಬದಲಿಸು. ಗೆದ್ದಲು ನೋಡು.
ಚಿತ್ರ ಮಾತ್ರ ಮುಟ್ಟಬೇಡ.'
ಮುಟ್ಟದೆ ಗಾಜು ಬದಲಿಸುವ ವಿದ್ಯೆ
ಠಾಕೂರದ್ವಾರದಲ್ಲಿ ಯಾರಿಗೂ ಗೊತ್ತಿಲ್ಲ.
ಹ್ಞೂಂ ಎಂದೆ.

ನನ್ನ ಅಂಗಡಿಗೆ ಬರುವವರು ಮೂರೇ ಜಾತಿ:
ದೇವರು, ಮದುಮಕ್ಕಳು, ತೀರಿಹೋದವರು.
ಸುಮ್ಮನೆ ಗಾಳಿಗೆ ಕೂತವರು
ಇಪ್ಪತ್ತೆರಡು ವರ್ಷಕ್ಕೆ ಇವರೇ ಮೊದಲು.

ಇಬ್ಬರು ಹೆಂಗಸರು. ಹೊಳೆಗೆ ಚಾಚಿದ ಅಟ್ಟಣೆ. ಬೇಸಗೆಯ ಸಂಜೆ.
ಒಬ್ಬಳ ಕೈಯಲ್ಲಿ ಬೀಸಣಿಗೆ, ಬೀಸುತ್ತಿಲ್ಲ.
ಇನ್ನೊಬ್ಬಳು ಒಂದು ಕಾಲು ನೀರಿಗೆ ಇಳಿಬಿಟ್ಟು
ತುರುಬಿನ ಹಣಿಗೆ ಸರಿಮಾಡಿಕೊಳ್ಳುತ್ತಿದ್ದಾಳೆ.
ಯಾರಿಗೂ ಅವಸರವಿಲ್ಲ, ದೋಣಿಯವನಿಗೂ ಇಲ್ಲ.
ನಿಲುವಂಗಿಯ ಅಂಚಲ್ಲಿ ಅಲೆ, ಅಲೆಯ ನಡುವೆ ಪುಟ್ಟ ಹಕ್ಕಿ.
ಸೊಂಟಪಟ್ಟಿಯನ್ನು ಆ ವರ್ಷ
ಹೀಗೇ ಬೆನ್ನಿಗೆ ಗಂಟು ಹಾಕಬೇಕೆಂದು
ಪೇಟೆಯೆಲ್ಲ ಮಾತಾಡಿಕೊಂಡಿರಬೇಕು,
ಹೋದ ದೀಪಾವಳಿಗೆ ನಮ್ಮ ಗಲ್ಲಿಯಲ್ಲಿ
ಲಾಡಿ ಕಟ್ಟುವ ರವಿಕೆ ಬಂತಲ್ಲ, ಹಾಗೆ.

ಡಬ್ಬಿ ಕೊಡಲು ಬಂದ ಗುಲಾಬಿ ಬಗ್ಗಿ ನೋಡಿದಳು.
ಖೇತ್‌ವಾಡಿಯಲ್ಲಿ ದಿನಕ್ಕೆ ಹದಿನೆಂಟು ಸೀರೆಗೆ ಫಾಲು ಹಚ್ಚುವವಳು;
ಅವಳ ಕಣ್ಣು ಮುಖಕ್ಕೆ ಹೋಗಲಿಲ್ಲ, ನೇರ ಅಂಚಿಗೆ.
'ಇಷ್ಟುದ್ದ ಬಿಟ್ಟರೆ ನೆಲ ಗುಡಿಸತ್ತೆ' ಅಂದಳು.
'ಒಗೆಯೋದು ಯಾರು?'

ಹಣೆಯ ಬಳಿ ಭೂತಗನ್ನಡಿ ಹಿಡಿದೆ.
ಒಂದೊಂದು ಕೂದಲೂ ಬೇರೆ ಬೇರೆ.
ಕೂದಲನ್ನು ಕೆತ್ತಿದ್ದಲ್ಲ ಇದು,
ಹಲಗೆಯಲ್ಲಿ ಕೂದಲಲ್ಲದ್ದನ್ನೆಲ್ಲ ಕೆತ್ತಿ ತೆಗೆದದ್ದು.
ಮೊಳೆ ಹೊಡೆಯುವ ನನ್ನ ಕೈ
ತಾನಾಗಿ ಜೇಬಿಗೆ ಹೋಯಿತು.

ಕಾಗದ ಮಗುಚಿದರೆ ಬೆನ್ನಲ್ಲಿ ಉಜ್ಜಿದ ಗುರುತು,
ಕಾವಲಿಯ ಮೇಲೆ ಹಿಟ್ಟು ಸವರಿದಂತೆ ಸುತ್ತು ಸುತ್ತು.
ಹದಿನಾಲ್ಕಕ್ಕೆ ಕೋಟೆಯ ಹೋಟೆಲಿನಲ್ಲಿ
ಹಗಲು ದೋಸೆ, ಇರುಳು ಶಾಲೆಯಲ್ಲಿ ಕನ್ನಡ
ಎರಡನ್ನೂ ಸವರಿದವನು ನಾನು; ಆ ಸುತ್ತು ನನಗೆ ಗೊತ್ತು.
ಯಾರೋ ಅಂಗೈಯ ಭಾರವೆಲ್ಲ ಬಿಟ್ಟು
ಇಬ್ಬರ ವಿರಾಮವನ್ನು ಕಾಗದಕ್ಕೆ ಇಳಿಸಿದ್ದಾನೆ.
ಅವನು ಯಾವ ದಂಡೆಯಲ್ಲಿ ಕೂತನೋ.
ಕೂತನೋ ಇಲ್ಲವೋ.

ಆಮೇಲೆ ಹಳೇ ಮೌಂಟು ಎತ್ತಿದೆ.
ಎಲ್ಲರೂ ಮಣ್ಣಿನದೆಂದುಕೊಂಡ ನಿಲುವಂಗಿ
ರಟ್ಟು ಮುಚ್ಚಿದ್ದ ಅರ್ಧ ಇಂಚಿನಲ್ಲಿ
ನೇರಳೆ!
ಹಣ್ಣು ತಿಂದು ಮನೆಗೆ ಬಂದು
ತಿಂದಿಲ್ಲ ಎನ್ನುವ ಮಗುವಿನ ನಾಲಿಗೆಯಂಥ ನೇರಳೆ.
ಉಳಿದ ಕಂದೆಲ್ಲ
ಮುಂಬಯಿಯ ಬಿಸಿಲು ನೂರು ವರ್ಷ ಕುಡಿದು ಬಿಟ್ಟ ಚರಟ.

ಗುಲಾಬಿಯನ್ನು ಕೂಗಿ ತೋರಿಸಿದೆ.
ಅವಳು ಕೈಗಡಿಯಾರ ಬಿಚ್ಚಿ
ಮಣಿಕಟ್ಟನ್ನು ಅದರ ಪಕ್ಕಕ್ಕಿಟ್ಟಳು.
ಪಟ್ಟಿಯಡಿ ಮದುವೆಯ ವರ್ಷದ ಬಣ್ಣ.
ಏನೂ ಹೇಳಲಿಲ್ಲ.
ಡಬ್ಬಿ ತೊಳೆಯಲು ಹೋದಳು.

ಆ ಭಾನುವಾರ ಚೌಪಾಟಿಯಲ್ಲಿ ಚಪ್ಪಲಿಯ ಮೇಲೆ ಕೂತೆವು,
ಒಂದು ಪೊಟ್ಟಣ ಕಡಲೆ, ಮುಕ್ಕಾಲು ಗಂಟೆ.
ಅವಳು ಕಡಲು ನೋಡಲಿಲ್ಲ. ದಾಟುವ ಸೀರೆಗಳ ಅಂಚು ನೋಡುತ್ತಾ
'ಅದು ನನ್ನ ಕೈ' ಅಂದಳು.
ತುಸು ಹೊತ್ತಿಗೆ, 'ಅದೂ.'

ಸೋಮವಾರ ಹೊಸ ಮೌಂಟು ಕೊಯ್ದೆ.
ಬಲಗಡೆ ಬೇಕೆಂದೇ ಕಾಲು ಇಂಚು ಸರಿಸಿದೆ,
ಒಂದು ಗೆರೆ ನೇರಳೆ ಹೊರಗಿರಲಿ ಎಂದು.

'ಓರೆ ಕೊಯ್ದಿದ್ದೀಯ' ಎಂದರು ಫ್ರೇನಿಬಾಯಿ,
ಐವತ್ತು ರೂಪಾಯಿ ಹಿಡಿದುಕೊಂಡರು.
ವಾದಿಸಲಿಲ್ಲ. ಮೂರು ಮಹಡಿ ಹತ್ತಿ ನಾನೇ ಮೊಳೆ ಹೊಡೆದೆ.
'ಕಿಟಕಿಗೆ ಎದುರು ಬೇಡ ಬಾಯಿ, ಬಣ್ಣ ಹೋಗತ್ತೆ.'

ಅವರು ಕನ್ನಡಕ ತೆಗೆದು
ಚಿತ್ರವನ್ನೊಮ್ಮೆ, ಕಿಟಕಿಯನ್ನೊಮ್ಮೆ ನೋಡಿದರು.
'ಮತ್ತೆ ಗಾಳಿ?' ಎಂದರು,
'ಪಾಪ, ಗಾಳಿಗೇ ಅಲ್ಲವೇನೋ ಕೂತಿರೋದು ಇವರು.'